ದನಿಗೆ ಮಾತ್ರ ಜಾಗ

ನಾನು ಚರ್ಮ ಕೆರೆಯುವವಳು. ಇದರಲ್ಲಿ ಮುಚ್ಚುಮರೆ ಏನಿಲ್ಲ. ಚರ್ಮ ಹದ ಮಾಡುವ ಕಾರ್ಖಾನೆಗೆ ಹಸಿ ಚರ್ಮ ಬರುತ್ತದೆ. ಅದರ ಉಪ್ಪು, ರಕ್ತ ತೊಳೆದು ಸುಣ್ಣದ ತೊಟ್ಟಿಯಲ್ಲಿ ನೆನೆಹಾಕುತ್ತಾರೆ. ಕೂದಲು ಸಡಿಲವಾದ ಮೇಲೆ ಅದು ನನ್ನ ಮುಂದೆ ಬಂದು ಬೀಳುತ್ತದೆ. ಓರೆಯಾಗಿ ನಿಲ್ಲಿಸಿದ ದುಂಡನೆಯ ಮರದ ದಿಮ್ಮಿಯ ಮೇಲೆ ಅದನ್ನು ಹಾಸಿ, ಹೊಟ್ಟೆಯಿಂದ ಒತ್ತಿ ಹಿಡಿದು, ಎರಡು ಹಿಡಿಯ ಬಾಗಿದ ಕತ್ತಿಯಿಂದ ಮೇಲಿನಿಂದ ಕೆಳಕ್ಕೆ ಕೆರೆಯಬೇಕು. ಮೊದಲು ಕೂದಲು. ಆಮೇಲೆ ತಿರುವಿ ಹಾಕಿ ಒಳಮೈಯ ಕೊಬ್ಬು. ಸಂಜೆಯ ಹೊತ್ತಿಗೆ ಸೊಂಟ ನನ್ನದಲ್ಲ. ಬೆರಳ ಸಂದಿ ಸುಣ್ಣಕ್ಕೆ ಒಡೆದು ರಕ್ತ ಒಸರುತ್ತದೆ. ಅದೆಲ್ಲ ನಮಗೆ ಲೆಕ್ಕಕ್ಕಿಲ್ಲ. ನಮ್ಮ ಗೋಳು ವಾಸನೆಯದು.

ಅದು ಸೋಪಿಗೆ ಬಗ್ಗುವ ವಾಸನೆ ಅಲ್ಲ. ಬಿಸಿನೀರು ನೋಡಿದೆ, ನಿಂಬೆಹಣ್ಣು ನೋಡಿದೆ, ಒಮ್ಮೆ ಸೀಮೆಎಣ್ಣೆಯನ್ನೂ ನೋಡಿದೆ. ಸೀಮೆಎಣ್ಣೆ ಹಚ್ಚಿದ ದಿನ ಎರಡೂ ವಾಸನೆ ಬಂತು. ಬಸ್ಸಿನಲ್ಲಿ ನಾನು ಕೂತರೆ ಪಕ್ಕದ ಸೀಟು ಖಾಲಿ. ಜನ ಬಾಗಿಲಲ್ಲಿ ನೇತಾಡುತ್ತಿದ್ದರೂ ಆ ಸೀಟು ಖಾಲಿ. ನಮ್ಮತ್ತೆಯಾದರೆ ಅಂಥ ಸೀಟಿನ ಮೇಲೆ ಕಾಲು ಚಾಚಿಕೊಂಡು ಕೂರುತ್ತಾರೆ.

"ರಾಣಿಗೂ ಇಷ್ಟು ಜಾಗ ಬಿಡಲ್ಲ ಕಣೇ" ಎಂದು ನಗುತ್ತಾರೆ.

ನನಗೆ ನಗು ಬರುವುದಿಲ್ಲ. ಮೈಯೆಲ್ಲ ಉರಿಯುತ್ತದೆ. ಅತ್ತೆ ನನ್ನ ಪಕ್ಕದ ದಿಮ್ಮಿಯಲ್ಲೇ ಕೆರೆಯುವವರು. ಅವರ ಮಗ, ಅಂದರೆ ನನ್ನ ಗಂಡ, ತೀರಿಕೊಂಡ ಮೇಲೆ ಅವರಿಗೆ ನಾನು, ನನಗೆ ಅವರು. ದಿನಕ್ಕೊಂದು ಜಗಳ ಕಡ್ಡಾಯ.

ಚರ್ಚಿನ ಸಭೆಗೆ ಹೋಗೋಣ ಎಂದದ್ದು ಅತ್ತೆಯೇ. ಭಾನುವಾರ ಆ ಬೀದಿಯಲ್ಲಿ ಹಾದುಹೋಗುವಾಗ ಗೋಡೆಯಾಚೆಯಿಂದ ಹಾಡು ಕೇಳುತ್ತಿತ್ತು. "ಹಾಡೋರು ಪರವಾಗಿಲ್ಲ, ದನಿ ಮಾತ್ರ ತೆಳ್ಳಗೆ. ಒಂದ್ಸಲ ನೋಡ್ಕೊಂಡು ಬರೋಣ ಬಾ" ಎಂದು ನನ್ನ ಕೈ ಎಳೆದರು. ನಾವು ಕೊನೆಯ ಬೆಂಚಿನ ತುದಿಯಲ್ಲಿ ಕೂತೆವು. ಆ ಬೆಂಚು ಎಂದಿನಂತೆ ಖಾಲಿಯಾಯಿತು. ಹಾಡು ಶುರುವಾದ ಮೇಲೆ ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದರು. ನೇರ ನನ್ನ ಪಕ್ಕ ಕೂತರು. ಹಾಡಿನ ಪುಸ್ತಕ ತೆಗೆದು ಅರ್ಧ ನನ್ನ ತೊಡೆಯ ಮೇಲೆ, ಅರ್ಧ ತಮ್ಮ ತೊಡೆಯ ಮೇಲೆ ಇಟ್ಟರು. ಅವರ ಭುಜ ನನ್ನ ಭುಜಕ್ಕೆ ತಗಲಿತು. ನಾನು ಪುಸ್ತಕ ನೋಡುತ್ತ ಕೂತೆ. ಒಂದು ಸಾಲೂ ಹಾಡಲಾಗಲಿಲ್ಲ.

ಆಮೇಲೆ ಗೊತ್ತಾಯಿತು, ಅವರಿಗೆ ಆವತ್ತು ವಿಪರೀತ ನೆಗಡಿ. ಇರಲಿ. ಮುಂದಿನ ಭಾನುವಾರ ನೆಗಡಿ ಇರಲಿಲ್ಲ, ಆದರೂ ಅಲ್ಲೇ ಬಂದು ಕೂತರು. ಬೀದಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದರು. ನಾವು ಅವರನ್ನು ಹೊಲಿಗೆ ಅಕ್ಕ ಎಂದೇ ಕರೆಯುವುದು. ವಿಶ್ವಾಸಕ್ಕೆ ಬಂದ ಕಥೆ ಹೇಳು ಎಂದರೆ ಬೇರೆಯವರು ಬೆಳಕು ಕಂಡೆ, ಕನಸು ಬಿತ್ತು ಎನ್ನುತ್ತಾರೆ. ನನ್ನ ಸಾಕ್ಷಿ ಒಂದೇ ಸಾಲು. ನನ್ನ ಪಕ್ಕ ಒಬ್ಬರು ಬಂದು ಕೂತರು.

ಈ ಸುದ್ದಿ ಕಾರ್ಖಾನೆಯಲ್ಲಿ ಹಬ್ಬಿತು. ಚರ್ಮಕ್ಕೆ ಉಪ್ಪು ಸವರುವ ಉಪ್ಪಣ್ಣ ಬಂದ. ತೊಟ್ಟಿಯಲ್ಲಿ ಚರ್ಮ ತುಳಿಯುವ ಹೆಂಗಸರು ಬಂದರು. ಕೊನೆಗೆ ನಾವು ಹನ್ನೆರಡು ಜನ ಆದೆವು. ಎಲ್ಲರಿಗೂ ಒಂದೇ ದಿನ ದೀಕ್ಷಾಸ್ನಾನ ಆಯಿತು. ನೀರಿನ ತೊಟ್ಟಿಯಲ್ಲಿ ಒಬ್ಬೊಬ್ಬರನ್ನೇ ಮುಳುಗಿಸಿ ಎತ್ತುತ್ತಿದ್ದರೆ ಅತ್ತೆ ನನ್ನ ಕಿವಿಯಲ್ಲಿ, "ನಾವು ಚರ್ಮಕ್ಕೆ ಮಾಡೋದನ್ನೇ ನಮಗೂ ಮಾಡ್ತಿದ್ದಾರೆ ನೋಡು" ಎಂದರು. ನೀರಿನಿಂದ ಎದ್ದಾಗ ಮಾತ್ರ ಅವರ ಕಣ್ಣು ಕೆಂಪಾಗಿತ್ತು. ಅದು ನೀರಿಗಲ್ಲ.

ಪಾಸ್ಟರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದರು. ಅವರಿಗೆ ಅನ್ಯೋನ್ಯತೆ ಎಂಬ ಮಾತು ಬಹಳ ಇಷ್ಟ. ವಿಶ್ವಾಸಿಗಳು ಅನ್ಯೋನ್ಯತೆಯಲ್ಲಿರಬೇಕು, ಒಬ್ಬರ ಭಾರ ಒಬ್ಬರು ಹೊರಬೇಕು, ಒಂಟಿ ವಿಶ್ವಾಸಿ ಅರ್ಧ ವಿಶ್ವಾಸಿ ಎಂದು ಪ್ರಸಂಗದಲ್ಲಿ ಹೇಳುತ್ತಿದ್ದರು.

"ಗಂಡ ಹೆಂಡ್ತಿ ಅನ್ಯೋನ್ಯವಾಗಿರಿ ಅಂತಾರಲ್ಲ, ಅದೇನಾ?" ಎಂದು ಅತ್ತೆ ಪಿಸುಗುಟ್ಟಿದರು.

"ಅದೇ ಅಮ್ಮ, ಆದ್ರೆ ಸಭೆಯ ಎಲ್ಲರ ಜೊತೆ" ಎಂದರು ಹೊಲಿಗೆ ಅಕ್ಕ.

"ಅಯ್ಯಯ್ಯೋ! ಒಬ್ಬನ ಜೊತೇನೇ ಸಾಕುಸಾಕಾಗಿತ್ತು ನನಗೆ."

ನಾವು ಮೂವರೂ ಬೆಂಚು ಅಲ್ಲಾಡುವಂತೆ ನಕ್ಕೆವು. ಮುಂದಿನವರು ತಿರುಗಿ ನೋಡಿದರು. ತಿರುಗಿದವರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ನಗುವುದಕ್ಕೆ ಬೈಯುತ್ತಿದ್ದಾರೆ ಎಂದೇ ನಾವು ತಿಳಿದೆವು.

ಹೀಗಿರುವಾಗ ಅಯ್ಯನವರು ನಮ್ಮ ಮನೆಗೆ ಬಂದರು. ಜೊತೆಗೆ ಸಭೆಯ ಹಿರಿಯರೊಬ್ಬರು, ಹಲ್ಲು ಡಾಕ್ಟರು. ಸಭೆಯಿಂದ ಯಾರಾದರೂ ನಮ್ಮ ಮನೆ ಹುಡುಕಿಕೊಂಡು ಬಂದದ್ದು ಅದೇ ಮೊದಲು. ಅತ್ತೆ ಓಡಾಡಿ ಚಾಪೆ ಹಾಸಿದರು. ಅಯ್ಯನವರು ಕೂತರು. ಡಾಕ್ಟರು ಬಾಗಿಲಲ್ಲೇ ನಿಂತರು. ದಿನವಿಡೀ ಕಂಡವರ ಹುಳುಕು ಹಲ್ಲಿಗೆ ಮುಖ ಕೊಟ್ಟು ಬದುಕುವ ಮನುಷ್ಯ, ನಮ್ಮ ಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು.

"ಅಮ್ಮ, ನಿಮ್ಮ ಜನಕ್ಕೆ ಅಂತ ಒಂದು ಕೋಣೆ ಸಿದ್ಧ ಮಾಡಿದ್ದೀವಿ" ಎಂದರು ಅಯ್ಯನವರು. "ಚರ್ಚಿನ ಹಿಂಭಾಗದಲ್ಲಿ. ಕೆಲಸ ಮಾಡಿ ದಣಿದಿರ್ತೀರಿ. ಅಲ್ಲಿ ಆರಾಮಾಗಿ ಕೂತ್ಕೋಬಹುದು."

"ಫ್ಯಾನ್ ಇದೆ" ಎಂದರು ಡಾಕ್ಟರು ಬಾಗಿಲಿನಿಂದ. "ಸ್ಪೀಕರ್ ಇದೆ. ಒಳಗಿನ ಒಂದೊಂದು ಮಾತೂ ಕೇಳುತ್ತೆ."

ಅತ್ತೆಯ ಕಣ್ಣಲ್ಲಿ ನೀರು ತುಂಬಿತು. ನನಗೂ ಎದೆ ಉಬ್ಬಿತು. ನಗುವವರು ನಗಲಿ, ನಿಜ ಹೇಳುತ್ತೇನೆ. ಇನ್ನೂರು ಜನ ಕೂರುವ ಆ ದೊಡ್ಡ ಹಾಲಿಗೆ ಇದ್ದದ್ದು ಬರೀ ನಾಲ್ಕು ಫ್ಯಾನು. ಹನ್ನೆರಡು ಜನಕ್ಕೆ ಇಡೀ ಒಂದು ಫ್ಯಾನು ಕೊಟ್ಟಿದ್ದಾರೆ ಎಂದರೆ ಅದು ಮರ್ಯಾದೆ ಅಲ್ಲದೆ ಇನ್ನೇನು? ಹುಟ್ಟಿದಾಗಿನಿಂದ ಯಾರೂ ನಮಗಾಗಿ ಏನನ್ನೂ ಎತ್ತಿಟ್ಟಿರಲಿಲ್ಲ. ತಳ್ಳಿದ್ದನ್ನೂ ಕೊಟ್ಟದ್ದನ್ನೂ ಬೇರೆ ಮಾಡಿ ನೋಡುವ ಅಭ್ಯಾಸ ನಮಗೆ ಇರಲಿಲ್ಲ.

ಆ ಕೋಣೆಯಲ್ಲಿ ಮೊದಲು ಮುರಿದ ಬೆಂಚು, ಹಳೆ ಸೈಕಲ್ಲು ತುಂಬಿದ್ದವು. ನಾವೇ ಅವನ್ನು ಸಾಗಿಸಿ, ಗುಡಿಸಿ, ನಾವೇ ಸುಣ್ಣ ಬಳಿದೆವು. ಅದು ಹೇಗೂ ನಮಗೆ ಕೈಪಳಗಿದ ವಸ್ತು. ಮರುವಾರ ಅತ್ತೆ ಹಾಲಿನ ಬಾಗಿಲಲ್ಲಿ ನಿಂತು ಸಾಕ್ಷಿ ಹೇಳಿದರು. "ನಮ್ಮಂಥೋರಿಗೆ ಕೋಣೆ ಕೊಟ್ರಿ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ" ಎಂದರು. ಜನ ಚಪ್ಪಾಳೆ ತಟ್ಟಿದರು. ಬಹಳ ಜೋರಾಗಿ ತಟ್ಟಿದರು. ಅಷ್ಟೊಂದು ಖುಷಿ ಯಾಕೆ ಎಂದು ಆಗ ಹೊಳೆಯಲಿಲ್ಲ. ಹೊಲಿಗೆ ಅಕ್ಕ ಮಾತ್ರ ತಲೆ ತಗ್ಗಿಸಿ ಕೂತಿದ್ದರು.

ಕೋಣೆಗೆ ಇದ್ದದ್ದು ಹಿತ್ತಲ ಕಡೆ ಒಂದು ಕಿಟಕಿ. ಕರ್ತನ ಭೋಜನ ಎಂದು ಎಲ್ಲರಿಗೂ ಹಂಚುವ ರೊಟ್ಟಿ, ದ್ರಾಕ್ಷಾರಸದ ಪಾತ್ರೆ ಅದರಲ್ಲೇ ಬರುತ್ತಿತ್ತು. ಗಂಟೆ ಹೊಡೆಯುವ ತಾತ ತಟ್ಟೆಯನ್ನು ಕಿಟಕಿಯ ಕಟ್ಟೆಗೆ ಇಟ್ಟು ಹೊರಟುಬಿಡುತ್ತಿದ್ದರು. ಸ್ಪೀಕರಿನಲ್ಲಿ ಅಯ್ಯನವರು, "ನಿಮ್ಮ ಪಕ್ಕದವರ ಕೈ ಹಿಡಿದು 'ಸಮಾಧಾನ' ಎಂದು ಹೇಳಿ" ಎನ್ನುವರು. ನಾವು ಕೈ ಹಿಡಿಯುತ್ತಿದ್ದೆವು. ಯಾರ ಕೈ? ವಾರವಿಡೀ ಕಂಡ ಅದೇ ಒಡೆದ ಕೈ.

"ಸಮಾಧಾನ ಕಣೇ" ಎನ್ನುವರು ಅತ್ತೆ. "ಆದ್ರೆ ಬೆಳಗ್ಗೆ ನೀನು ಅಂದಿದ್ದನ್ನ ನಾನು ಮರೆತಿಲ್ಲ."

ಹೊಲಿಗೆ ಅಕ್ಕ ಒಂದು ವಾರ ನಮ್ಮ ಕೋಣೆಗೇ ಬಂದು ಕೂತರು. ಮರುವಾರ ಬರಲಿಲ್ಲ. ಡಾಕ್ಟರ ಹೆಂಡತಿ ಅವರನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರಂತೆ. ಸಭೆಯವರ ಬಟ್ಟೆಯೇ ಅವರ ಅನ್ನ. ನನಗೆ ಅರ್ಥವಾಯಿತು. ಅರ್ಥವಾಯಿತು ಎಂದು ಹೊಟ್ಟೆ ಉರಿಯುವುದು ನಿಲ್ಲುತ್ತದೆಯೇ?

ಒಂದು ಭಾನುವಾರ ಸ್ಪೀಕರಿನಲ್ಲಿ ಅಯ್ಯನವರು, "ಕಣ್ಣು ಮುಚ್ಚಿ, ತಲೆ ಬಾಗಿಸಿ" ಎಂದರು. ಸ್ಪೀಕರು ಒಮ್ಮೆ ಗೊರ್ ಎಂದು ಸುಮ್ಮನಾಯಿತು. ಮೌನ ಪ್ರಾರ್ಥನೆ ಎಂದುಕೊಂಡು ನಾವೂ ಕಣ್ಣು ಮುಚ್ಚಿದೆವು. ಆವತ್ತಿನ ಮೌನ ಭಾರಿ ಗಟ್ಟಿಯಾಗಿತ್ತು. ನನ್ನ ಪಾಪಗಳನ್ನೆಲ್ಲ ಒಂದೊಂದಾಗಿ ನೆನೆದು ಮುಗಿಸಿದೆ. ಇನ್ನೂ ಹೊತ್ತಿತ್ತು. ಅತ್ತೆಯ ಪಾಪಗಳಿಗೆ ಕೈಹಾಕಿದೆ. ಅವು ಸ್ವಲ್ಪ ಜಾಸ್ತಿ ಸಮಯ ತೆಗೆದುಕೊಂಡವು. ಉಪ್ಪಣ್ಣನ ಗೊರಕೆ ಕೇಳಿಸಿತು. ಆದರೂ ಯಾರೂ ಕಣ್ಣು ತೆರೆಯಲಿಲ್ಲ. ಮೊದಲು ತೆರೆದವರಿಗೆ ಭಕ್ತಿ ಕಡಿಮೆ ಎಂದಾಗಿಬಿಡುತ್ತದಲ್ಲ.

ಬಾಗಿಲು ಕಿರ್ರೆಂದಿತು. ಗಂಟೆ ತಾತ ಕೈಯಲ್ಲಿ ಬೀಗ ಹಿಡಿದು ನಿಂತಿದ್ದರು.

"ಅಯ್ಯೋ, ನೀವಿನ್ನೂ ಇಲ್ಲೇ ಇದೀರಾ? ಎಲ್ಲರೂ ಮನೆಗೆ ಹೋಗಿ ಎಷ್ಟು ಹೊತ್ತಾಯ್ತು!"

ಹೊರಗೆ ಬಂದು ನೋಡಿದರೆ ಅಂಗಳ ಬಿಕೋ ಎನ್ನುತ್ತಿತ್ತು. ಆರಾಧನೆ ಮುಗಿದ ಮೇಲೆ ಚಹಾ ಕೊಡುವ ಮೇಜಿನ ಮೇಲೆ ಲೋಟಗಳನ್ನು ತೊಳೆದು ಕವುಚಿ ಹಾಕಿದ್ದರು. ಯಾರದೋ ಕಾಲಿಗೆ ಸಿಕ್ಕಿ ವೈರು ಕಿತ್ತುಬಂದಿತ್ತಂತೆ. ವೈರು ಕೀಳುವುದು ಯಾರ ತಪ್ಪೂ ಅಲ್ಲ. ಆದರೆ ಇನ್ನೂರು ಜನ ಚಹಾ ಕುಡಿದರು, ಹರಟಿದರು, ಮಕ್ಕಳನ್ನು ಎತ್ತಿಕೊಂಡರು, ಹೋದರು. ಒಬ್ಬರಾದರೂ ಹಿತ್ತಲ ಕಡೆ ತಲೆ ಹಾಕಲಿಲ್ಲ. ಹನ್ನೆರಡು ಜನ ಎಲ್ಲಿ ಎಂದು ಒಬ್ಬರಿಗೂ ಅನ್ನಿಸಲಿಲ್ಲ.

ಬಸ್ಸಿನಲ್ಲಿ ಎಲ್ಲರೂ ಉಪ್ಪಣ್ಣನ ಗೊರಕೆಯನ್ನು ಆಡಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕಾಲು ತೊಳೆಯುವಾಗ ಅಳು ಒತ್ತರಿಸಿ ಬಂತು. ನಮ್ಮನ್ನು ಇಟ್ಟದ್ದು ಎಲ್ಲಿ ಎಂದು ಆಗ ತಿಳಿಯಿತು. ಮುರಿದ ಬೆಂಚು ತೆಗೆದು ಆ ಜಾಗದಲ್ಲಿ ನಮ್ಮನ್ನು ಇಟ್ಟಿದ್ದರು.

ವಾರದ ನಡುವೆ ಅರ್ಧ ದಿನ ರಜೆ ಹಾಕಿ ಅಯ್ಯನವರ ಆಫೀಸಿಗೆ ಹೋದೆ. ಡಾಕ್ಟರೂ ಅಲ್ಲೇ ಕೂತಿದ್ದರು.

"ತಪ್ಪಾಯ್ತಮ್ಮ, ವೈರ್ ಸರಿ ಮಾಡಿಸ್ತೀನಿ" ಎಂದರು ಅಯ್ಯನವರು.

"ವೈರ್ ಬೇಡ ಅಯ್ಯನವರೇ. ನಮ್ಮನ್ನ ಒಳಗೆ ಕೂರಿಸಿ."

ಅವರು ಡಾಕ್ಟರ ಮುಖ ನೋಡಿದರು. ಆಮೇಲೆ ಮೇಜು ನೋಡಿದರು. "ದೇವರು ಎಲ್ಲ ಕಡೆ ಇದ್ದಾನಮ್ಮ. ನೀವಿರೋ ಕೋಣೇಲೂ ಇದ್ದಾನೆ."

"ಇದ್ದಾನೆ. ಯಾರು ಇಲ್ಲ ಅಂದ್ರು? ಸುಣ್ಣದ ತೊಟ್ಟಿ ಹತ್ರಾನೂ ಇದ್ದಾನೆ. ಕೆರೆಯೋವಾಗೆಲ್ಲ ನಾನು ಅವನ ಜೊತೆ ಮಾತಾಡ್ತಾನೇ ಇರ್ತೀನಿ. ಅವನೊಬ್ಬನೇ ಸಾಕಾಗಿದ್ರೆ ಬಸ್ ಹತ್ತಿ ಇಲ್ಲೀವರೆಗೆ ಯಾಕೆ ಬರ್ಲಿ? ನನಗೆ ದೇವರ ಕೊರತೆ ಇಲ್ಲ ಅಯ್ಯನವರೇ. ನಿಮ್ಮ ಕೊರತೆ ಇದೆ. ಜನದ ಕೊರತೆ."

"ನೋಡಿ ತಾಯಿ, ಇದು ಆರೋಗ್ಯದ ಪ್ರಶ್ನೆ" ಎಂದರು ಡಾಕ್ಟರು. "ಮಕ್ಕಳು ಬರ್ತಾರೆ, ವಯಸ್ಸಾದೋರು ಬರ್ತಾರೆ. ಕೆಲವರು ಸಭೆ ಬಿಟ್ಟು ಹೋಗ್ತೀವಿ ಅಂತಿದ್ದಾರೆ."

"ನಮ್ಮಲ್ಲೂ ಮಕ್ಕಳಿದಾರೆ. ವಯಸ್ಸಾದೋರಿದಾರೆ. ನಮ್ಮ ವಾಸನೆಗೆ ಸತ್ತೋರನ್ನ ನಾನಿನ್ನೂ ನೋಡಿಲ್ಲ."

ಡಾಕ್ಟರ ಮುಖ ಕೆಂಪೇರಿತು. ಅಯ್ಯನವರು ಪ್ರಾರ್ಥನೆ ಮಾಡೋಣ ಎಂದರು. ಮಾಡಿದರು. ನನ್ನನ್ನು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಅವರು ಕೆಟ್ಟವರಲ್ಲ. ಅದೇ ದೊಡ್ಡ ತಲೆನೋವು. ಕೆಟ್ಟವರಾಗಿದ್ದರೆ ಚೆನ್ನಾಗಿ ಬೈದು ಹಗುರಾಗಿ ಬರಬಹುದಿತ್ತು.

ಸ್ಪೀಕರು ರಿಪೇರಿಗೆ ಹೋಯಿತು. ಹೋದದ್ದು ಬರಲೇ ಇಲ್ಲ. ಸುಮ್ಮನೆ ಗೋಡೆ ನೋಡುತ್ತ ಎಷ್ಟು ಹೊತ್ತು ಕೂರುವುದು? ಅತ್ತೆ ಹಾಡು ಎತ್ತಿದರು. ಅತ್ತೆಯ ದನಿಯ ವಿಚಾರ ಹೇಳಬೇಕು. ಕಾರ್ಖಾನೆಯಲ್ಲಿ ಚರ್ಮ ಉರುಳಿಸುವ ದೊಡ್ಡ ಪೀಪಾಯಿಗಳು ಗಡಗಡ ಸದ್ದು ಮಾಡುತ್ತವೆ. ಆ ಸದ್ದಿನ ಮೇಲೆ ದಾಟಿಸಿ ಮಾತಾಡಿ ಮಾತಾಡಿ ಅವರ ಗಂಟಲು ತಾಮ್ರದ ಹಂಡೆಯಾಗಿದೆ. ನಾವು ಹನ್ನೊಂದು ಜನ ಹಿಂದಿನಿಂದ ಸೇರಿಸಿದೆವು. ಕೆರೆಯುವ ಕೈಯ ಲಯ ನಮಗೆ ಮೈಗೂಡಿದೆ, ತಾಳ ತಪ್ಪುವ ಮಾತೇ ಇಲ್ಲ. ಹಾಡು ಕಿಟಕಿ ದಾಟಿ, ಹಿತ್ತಲು ಬಳಸಿ, ದೊಡ್ಡ ಹಾಲಿನೊಳಗೆ ಹೋಯಿತಂತೆ. ಒಳಗಿನ ಗಾಯಕರು ಎರಡನೇ ಚರಣಕ್ಕೇ ತಾಳ ತಪ್ಪಿ ನಿಂತುಬಿಟ್ಟರಂತೆ.

ಮುಂದಿನ ವಾರ ಅಯ್ಯನವರೂ ಡಾಕ್ಟರೂ ನಮ್ಮ ಕೋಣೆಗೆ ಬಂದರು. ಈ ಸಲ ಡಾಕ್ಟರು ಒಳಗೇ ಬಂದರು. ನಗುನಗುತ್ತಾ ಬಂದರು.

"ಸಭೆಯ ವಾರ್ಷಿಕೋತ್ಸವಕ್ಕೆ ಬಿಷಪ್ ಬರ್ತಿದ್ದಾರೆ" ಎಂದರು. "ನಿಮ್ಮ ದನಿ ದೇವರ ವರ. ಈ ಕೋಣೇಲಿ ಮೈಕ್ ಇಡಿಸ್ತೀವಿ. ನಿಮ್ಮ ಹಾಡು ಒಳಗೆಲ್ಲ ಕೇಳಬೇಕು."

"ಹಾಡು ಒಳಗೆ" ಎಂದೆ ನಾನು. "ನಾವು?"

"ನೀವು ಇಲ್ಲೇ. ಆರಾಮಾಗಿ. ಫ್ಯಾನ್ ಇದೆಯಲ್ಲ."

ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕಾಲು ತುಳಿದರು. "ಹಾಡ್ತೀವಿ ಅಯ್ಯನವರೇ" ಎಂದರು.

ಬಸ್ಸಿನಲ್ಲಿ ಜಗಳವೇ ಆಯಿತು. ನಾನು ಬೇಡ ಎಂದೆ. ಉಪ್ಪಣ್ಣ, "ಇರ್ಲಿ ಬಿಡಕ್ಕ, ದನಿಯಾದ್ರೂ ಒಳಗೆ ಹೋಗಲಿ. ದನಿ ಹಿಂದೇನೇ ಒಂದಿನ ನಾವೂ ಹೋಗ್ತೀವಿ" ಎಂದ. ಅತ್ತೆ, "ಬಿಷಪ್ ಮುಂದೆ ಹಾಡೋದು ಅಂದ್ರೆ ಸುಮ್ನೇನಾ? ನಿನಗೆ ಹೊಟ್ಟೆಕಿಚ್ಚು" ಎಂದರು. ಮಗ ಹೋದ ಮೇಲೆ ಅವರ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ. ಬೆಳಗ್ಗೆ ಎದ್ದು ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸುವರು. ದಿಮ್ಮಿಯ ಮುಂದೆ ಹಾಡು ಗುನುಗುವರು. ನನ್ನ ಮಾತನ್ನು ನಾನೇ ನುಂಗಿಕೊಂಡೆ.

ವಾರ್ಷಿಕೋತ್ಸವಕ್ಕೆ ಗಾಯಕರಿಗೆಲ್ಲ ಹೊಸ ಬಿಳಿ ನಿಲುವಂಗಿ ಹೊಲಿಸುತ್ತಿದ್ದಾರೆ ಎಂಬ ಸುದ್ದಿ ಅತ್ತೆಯ ಕಿವಿಗೆ ಬಿತ್ತು. ಅಳತೆ ಕೊಡಲು ತಾವೇ ಹೊರಟರು. ಮೈ ಉಜ್ಜಿ ಉಜ್ಜಿ ಸ್ನಾನ ಮಾಡಿದರು. ನನ್ನನ್ನೂ ಎಳೆದುಕೊಂಡು ಹೋದರು. ಹೊಲಿಗೆ ಅಕ್ಕನ ಅಂಗಡಿಯಲ್ಲಿ ನಿಲುವಂಗಿಗಳು ಸಾಲಾಗಿ ನೇತಾಡುತ್ತಿದ್ದವು. ಕೆಲವಕ್ಕೆ ಇನ್ನೂ ತೋಳು ಹಚ್ಚಿರಲಿಲ್ಲ. ಅತ್ತೆ ನಡುವೆ ನಿಂತು ಎರಡೂ ಕೈ ಅಗಲಿಸಿದರು.

"ತಗೋಮ್ಮ ಅಳತೆ. ಸೊಂಟದ ಹತ್ರ ಸ್ವಲ್ಪ ಧಾರಾಳವಾಗಿರಲಿ."

ಹೊಲಿಗೆ ಅಕ್ಕ ಟೇಪು ಕೊರಳಿಗೆ ಹಾಕಿಕೊಂಡು ಹಾಗೇ ನಿಂತರು.

"ಅಮ್ಮ... ನನಗೆ ಎಂಟೇ ಹೇಳಿರೋದು. ಒಳಗಿನ ಗಾಯಕರದ್ದು."

"ಅವರೂ ಹಾಡ್ತಾರಾ? ಒಳ್ಳೇದೇ ಆಯ್ತು."

"ಹಾಡಲ್ಲ ಅಮ್ಮ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ನಿಮ್ಮ ಹಾಡು ಬರೋವಾಗ ಅವರು ಬಿಷಪ್ ಮುಂದೆ ನಿಂತು ಬಾಯಿ ಆಡಿಸ್ತಾರೆ. ಮೊನ್ನೆಯಿಂದ ಅಭ್ಯಾಸ ನಡೀತಿದೆ. ನಾನು ನಿಮಗೆ ಹೇಳ್ಬೇಕಿತ್ತು. ನಾನು ಆ ಕೋಣೇಗೂ ಬರಬೇಕಿತ್ತು..."

ಅತ್ತೆಯ ಕೈಗಳು ಸ್ವಲ್ಪ ಹೊತ್ತು ಗಾಳಿಯಲ್ಲೇ ಇದ್ದವು. ಆಮೇಲೆ ಕೆಳಗಿಳಿದವು. ಆ ಕೈಗಳನ್ನು ನಾನು ದಿನಾ ನೋಡುತ್ತೇನೆ. ಕಾಲು ಜಾರಿ ತೊಟ್ಟಿಗೆ ಬಿದ್ದ ಹೆಂಗಸನ್ನು ಒಂದೇ ಎಳೆತಕ್ಕೆ ಮೇಲೆ ತಂದ ಕೈಗಳು. ಅವು ಹಾಗೆ ಇಳಿಯುವುದನ್ನು ನೋಡಿ ನನಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು. ಅತ್ತೆ ಹೊಲಿಗೆ ಅಕ್ಕನ ಬೆನ್ನು ತಟ್ಟಿ, "ಅಳಬೇಡ, ಬಿಳಿ ಬಟ್ಟೆ ಮೇಲೆ ಕಲೆ ಬೀಳುತ್ತೆ" ಎಂದರು. ಆವತ್ತಿನ ಜಗಳ ಆಗಲೇ ಇಲ್ಲ. ನಾನು ಸೊಸೆಯಾಗಿ ಬಂದ ಮೇಲೆ ಇದೇ ಮೊದಲ ಸಲ.

ಮರುದಿನ ಬೆಳಗ್ಗೆ ಮತ್ತೆ ಉಪ್ಪುನೀರಿನ ಗಳಗಳ ಕೇಳಿಸಿತು.

"ಇಷ್ಟಾದ ಮೇಲೂ ಹಾಡ್ತೀರಾ?" ಎಂದೆ.

"ಗಂಟಲು ನಂದು. ನೋಡೋಣ" ಎಂದರು.

ಆ ಭಾನುವಾರ ಬಂತು. ಕೋಣೆಯಲ್ಲಿ ಮೈಕಿನವನು ಕಂಬ ನಿಲ್ಲಿಸಿ, ಅತ್ತೆಯ ಬಾಯಿಯ ಎತ್ತರಕ್ಕೆ ಮೈಕು ಬಗ್ಗಿಸಿದ. ಒಳಗಿನ ಮಾತು ನಮಗೆ ತಿಳಿಯಲಿ ಎಂದು ಹೊಸ ಸ್ಪೀಕರು ತಂದಿದ್ದರು. ಹಳೆಯದು ರಿಪೇರಿ ಆಗದಿದ್ದರೂ ಬಿಷಪ್ ಬರುವಾಗ ಹೊಸದೇ ಬಂತು. "ಕೆಂಪು ದೀಪ ಹತ್ತಿದ್ರೆ ನಿಮ್ಮ ಉಸಿರೂ ಒಳಗೆ ಕೇಳುತ್ತೆ. ಕೆಮ್ಮಬೇಡಿ" ಎಂದು ಹೇಳಿ ಅವನು ಹೋದ.

ಸ್ಪೀಕರಿನಲ್ಲಿ ಅಯ್ಯನವರ ದನಿ ಬಂತು. "ಈಗ ನಮ್ಮ ಸಭೆಯ ಗಾಯಕರಿಂದ ಸ್ತುತಿಗೀತೆ."

ನಮ್ಮ ಸಭೆಯ ಗಾಯಕರು. ಉಪ್ಪಣ್ಣ ನನ್ನ ಕಡೆ ನೋಡಿದ. ಮೈಕಿನ ಕೆಂಪು ದೀಪ ಹತ್ತಿತು. ಒಳಗೆ ಕೀಬೋರ್ಡು ಶುರುವಾಯಿತು. ನಾವು ಎತ್ತಿಕೊಳ್ಳಬೇಕಾದ ಜಾಗ ಬಂತು. ಅತ್ತೆಯ ಬಾಯಿ ಮುಚ್ಚಿತ್ತು. ಕೀಬೋರ್ಡು ಇನ್ನೊಂದು ಸುತ್ತು ಬಂತು. ಅತ್ತೆ ತುಟಿ ಬಿಚ್ಚಲಿಲ್ಲ. ಅತ್ತೆ ಹಾಡದೆ ನಾವು ಹಾಡುವವರಲ್ಲ. ಒಳಗೆ ಎಂಟು ಬಾಯಿಗಳು ಅಗಲವಾಗಿ ತೆರೆದು, ಮುಚ್ಚಿ, ಮತ್ತೆ ತೆರೆದವಂತೆ. ದನಿ ಮಾತ್ರ ಇಲ್ಲ. ಮುಂದೆ ಕೂತಿದ್ದ ಒಂದು ಮಗು ಕಿಸಕ್ಕೆಂದು ನಕ್ಕಿತಂತೆ. ಮೂರನೇ ಸುತ್ತಿಗೆ ಕೀಬೋರ್ಡು ನಿಂತಿತು.

ಅತ್ತೆ ಮೈಕಿನ ಹತ್ತಿರ ಬಾಗಿದರು.

"ಅಯ್ಯನವರೇ, ಕೇಳಿಸ್ತಿದೆಯಾ? ಬಾಯಿ ಅಲ್ಲಿದೆ, ಗಂಟಲು ಇಲ್ಲಿದೆ. ಎರಡೂ ಒಂದೇ ಕಡೆ ಇದ್ರೆ ಹಾಡೋಕೆ ಸುಲಭ. ನಾವೇ ಒಳಗೆ ಬರ್ತಿದ್ದೀವಿ. ಸ್ವಲ್ಪ ಜಾಗ ಮಾಡಿ."

ಮೈಕಿಗೆ ಒಂದು ಕೆಮ್ಮು ಕೆಮ್ಮಿ, ಬಾಗಿಲು ದೂಡಿಕೊಂಡು ನಡೆದರು.

ನಾವು ಹಿತ್ತಲು ಬಳಸಿ ಮುಂಬಾಗಿಲಿಗೆ ಬಂದೆವು. ಗಂಟೆ ತಾತ ಅಡ್ಡ ನಿಂತರು, ಅತ್ತೆಯ ಮುಖ ನೋಡಿ ಪಕ್ಕಕ್ಕೆ ಸರಿದರು. ಸುಳ್ಳು ಯಾಕೆ ಹೇಳಲಿ, ಓಡಿಹೋಗಬೇಕು ಅನ್ನಿಸಿತು. ಇನ್ನೂರು ತಲೆ ತಿರುಗಿದವು. ಕರವಸ್ತ್ರಗಳು ಮೇಲೆದ್ದವು. ಬಿಳಿ ನಿಲುವಂಗಿಯ ಎಂಟು ಜನ ಎಲ್ಲಿ ನೋಡಬೇಕೆಂದು ತಿಳಿಯದೆ ತಮ್ಮ ಬೂಟು ನೋಡುತ್ತಿದ್ದರು. ಬಿಷಪ್ ಎದ್ದು ನಿಂತರು. ಯಾಕೆ ಎದ್ದರೆಂದು ಅವರಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ.

ಕೊನೆಯ ಬೆಂಚಿನಿಂದ ಹೊಲಿಗೆ ಅಕ್ಕ ಗಡಬಡಿಸಿ ಎದ್ದರು. "ಅಮ್ಮ, ಇಲ್ಲಿ ಬನ್ನಿ. ಇಲ್ಲಿ ಜಾಗ ಇದೆ" ಎಂದು ಎಲ್ಲರಿಗೂ ಕೇಳುವಂತೆ ಕರೆದರು. ಅವರ ಮುಖ ಬೆಳ್ಳಗಾಗಿತ್ತು. ಆವತ್ತು ಅವರು ಎಷ್ಟು ಗಿರಾಕಿ ಕಳೆದುಕೊಂಡರೋ.

ಅತ್ತೆ ಅವರ ಕೆನ್ನೆ ಮುಟ್ಟಿದರು. "ನೀನು ಕೊಡ್ತೀಯ ಅಂತ ಗೊತ್ತು ಮಗಳೇ. ಕೊಡದೆ ಇರೋರ ಹತ್ರ ಕೇಳ್ಕೊಂಡು ಬರ್ತೀನಿ."

ನೇರ ಮುಂದಿನ ಬೆಂಚಿಗೆ ನಡೆದರು. ಡಾಕ್ಟರು, ಅವರ ಹೆಂಡತಿ, ಅವರಿಬ್ಬರ ನಡುವೆ ಹೆಂಡತಿಯ ದೊಡ್ಡ ಕೈಚೀಲ. ಕಂದು ಬಣ್ಣದ, ಮಿರಿಮಿರಿ ಮಿಂಚುವ ಚೀಲ ಗೋಡೆಗೆ ಒರಗಿದ ಮನುಷ್ಯನಂತೆ ಬೆಂಚಿಗೆ ಒರಗಿ ಕೂತಿತ್ತು.

"ಅಮ್ಮಾ, ಇದು ಸಮಯ ಅಲ್ಲ" ಎಂದರು ಡಾಕ್ಟರು ಹಲ್ಲು ಕಚ್ಚಿಕೊಂಡು. "ಇಲ್ಲಿ ಜಾಗ ಇಲ್ಲ. ನೋಡ್ತಿದ್ದೀರಲ್ಲ."

"ಇದೇನು?" ಅತ್ತೆ ಚೀಲದ ಮೇಲೆ ಬೆರಳಿಟ್ಟರು.

"ಚೀಲ."

"ಯಾತರದ್ದು?"

ಡಾಕ್ಟರು ಮುಖ ತಿರುಗಿಸಿದರು. ಅವರ ಹೆಂಡತಿ ಮೆಲ್ಲಗೆ, "ಚರ್ಮದ್ದು" ಎಂದರು.

"ಚರ್ಮ ಒಳಗೆ ಕೂರಬಹುದು. ಕೆರೆದೋರು ಕೂರಬಾರದು. ಅಲ್ವಾ ಡಾಕ್ಟ್ರೇ?"

ಅತ್ತೆ ಎರಡೂ ಕೈಯಿಂದ ಚೀಲವನ್ನು ಎತ್ತಿದರು, ಮಗುವನ್ನು ಎತ್ತುವಷ್ಟು ಜೋಪಾನವಾಗಿ. ಅದನ್ನು ಡಾಕ್ಟರ ತೊಡೆಯ ಮೇಲೆ ಇಟ್ಟರು. ಖಾಲಿಯಾದ ಜಾಗದಲ್ಲಿ ತಿರುಗಿ ಕೂರಲು ಹೋದರು. ಅಲ್ಲಿ ಚೀಲಕ್ಕೆ ಆಗುವಷ್ಟೇ ಜಾಗವಿತ್ತು. ಅತ್ತೆಗೆ ಅದು ಯಾವ ಮೂಲೆಗೂ ಸಾಲದು.

"ಸರೀರಿ" ಎಂದರು.

ಡಾಕ್ಟರು ಬಿಷಪ್ ಕಡೆ ನೋಡಿದರು. ಬಿಷಪ್ ಅತ್ತೆಯನ್ನೇ ನೋಡುತ್ತಿದ್ದರು. ಡಾಕ್ಟರು ಚೀಲವನ್ನು ಅಪ್ಪಿ ಹಿಡಿದುಕೊಂಡು ಒಂದು ಗೇಣು ಸರಿದರು. ಅತ್ತೆ ಕೂತರು. ಅವರ ಭುಜ ಡಾಕ್ಟರ ಭುಜಕ್ಕೆ ಒತ್ತಿತು. ಡಾಕ್ಟರು ಉಸಿರು ಬಿಗಿಹಿಡಿದದ್ದು ನನಗೆ ಕಾಣಿಸಿತು. ಎಷ್ಟು ಹೊತ್ತು ಹಿಡಿಯುತ್ತಾರೆ? ಮನುಷ್ಯ ತಾನೇ, ಕೊನೆಗೆ ಬಿಟ್ಟರು, ಮತ್ತೆ ಎಳೆದುಕೊಂಡರು. ಸಾಯಲಿಲ್ಲ.

ಈಗ ಹಾಡುತ್ತಾರೆ ಎಂದು ಎಲ್ಲರೂ ಅತ್ತೆಯ ಬಾಯನ್ನೇ ನೋಡಿದರು. ಕೀಬೋರ್ಡಿನವನು ಬೆರಳು ಇಟ್ಟುಕೊಂಡು ಕಾದ. ಅತ್ತೆ ಹಾಡಲಿಲ್ಲ. ಕುತ್ತಿಗೆ ತಿರುಗಿಸಿ, ಬೆಂಚುಗಳ ನಡುವಿನ ದಾರಿಯಲ್ಲಿ ನಿಂತಿದ್ದ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಇನ್ನೂ ಸರೀರಿ" ಎಂದರು. "ಇನ್ನೂ ಹನ್ನೊಂದು ಜನ ನಿಂತಿದ್ದಾರೆ."